ತುದಿಯಿಂದ ಏಳುವ ಪಟ್ಟಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ವಾಹನಗಳ ಹೊರ ಅಲಂಕಾರದ ಬಾಳಿಕೆ

ಕಲಬುರಗಿ ಜಿಲ್ಲೆಯ ಪಡುವಣ ಭಾಗದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಓಡಾಡುವ ಕಾರು, ಕ್ರೂಸರ್ ಜೀಪು, ಟಂಟಂ ಆಟೊಗಳ ಹೊರಮೈ ಅಲಂಕಾರ ಏಕೆ ಕೆಡುತ್ತದೆ, ಅದನ್ನು ಬಾಳಿಸುವುದು ಹೇಗೆ ಎಂಬುದು ಈ ಟಿಪ್ಪಣಿಯ ವಿಷಯ. ಬಾಗಿಲಿನ ಬೀಡಿಂಗ್, ಗ್ರಿಲ್ಲಿನ ಹೊಳಪು ಪಟ್ಟಿ, ಕಿಟಕಿ ಮೇಲಿನ ವೈಸರ್, ಚಕ್ರದ ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕು, ವೀಲ್ ಕ್ಯಾಪ್, ಹಿಂಬಾಗಿಲ ಮೇಲಿನ ಹೆಸರಿನ ಅಕ್ಷರಗಳು, ಮಾಲೀಕರು ತಾವೇ ಅಂಟಿಸಿಕೊಳ್ಳುವ, ರೇಡಿಯಂ ಎಂದು ಕರೆಯುವ ಪ್ರತಿಫಲಕ ಟೇಪು ಇವೆಲ್ಲ ಇದರಲ್ಲಿ ಸೇರುತ್ತವೆ. ಈ ವಸ್ತುಗಳ ಬಾಳಿಕೆ ಕುರಿತ ತಾಂತ್ರಿಕ ಬರಹದಲ್ಲಿ ಬಹುಪಾಲು ಹುಟ್ಟಿದ್ದು ಹಿಮ ಬೀಳುವ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ. ಹಾಗಾಗಿ ಅಲ್ಲಿನ ಪರೀಕ್ಷೆಗಳೂ ಉಪ್ಪಿನ ಸುತ್ತಲೇ ತಿರುಗುತ್ತವೆ. ಭೀಮಾ ದಂಡೆಯ ಈ ಸೀಮೆಗೆ ಹಿಮವೂ ಇಲ್ಲ, ಕಡಲ ಗಾಳಿಯೂ ಇಲ್ಲ. ಆದರೂ ಪಟ್ಟಿ ಏಳುತ್ತದೆ, ಹೊಳಪು ಹೋಗುತ್ತದೆ, ಕಪ್ಪು ಬಿಳಿಚುತ್ತದೆ. ಇಲ್ಲಿ ಕೇಡು ಮೊದಲಾಗುವುದು ಹೊಳೆಯುವ ಮುಖದಲ್ಲಲ್ಲ, ಪಟ್ಟಿಯ ಅಂಚಿನಲ್ಲಿ ಮತ್ತು ಅದರ ಬೆನ್ನಿನ ಅಂಟಿನಲ್ಲಿ ಎಂಬುದು ನನ್ನ ವಾದ. ಮುಖವನ್ನು ಎಷ್ಟೇ ಪಾಲಿಶ್ ಮಾಡಿದರೂ ಅಂಚನ್ನು ನೋಡದಿದ್ದರೆ ಪಟ್ಟಿ ಉಳಿಯುವುದಿಲ್ಲ.

ಮೊದಲು ಹಳೆಯ ಗಾಡಿಗಳ ಮಾತು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿಗೆ ಉಕ್ಕಿನ ಬಂಪರ್ ಇತ್ತು, ಅದರ ಮೇಲೆ ನಿಕಲ್ ಮತ್ತು ಕ್ರೋಮಿಯಂ ಲೇಪ. ಬಂಪರನ್ನು ಬೋಲ್ಟಿನಿಂದ, ಬದಿಯ ಪಟ್ಟಿಯನ್ನು ಕ್ಲಿಪ್ಪಿನಿಂದ ಕೂರಿಸುತ್ತಿದ್ದರು. ತುಕ್ಕು ಹಿಡಿದರೆ ಬಿಚ್ಚಬಹುದಿತ್ತು, ಹಿಂದೆ ಕೂತ ಮಣ್ಣನ್ನು ಕೆರೆದು ತೆಗೆಯಬಹುದಿತ್ತು, ಮತ್ತೆ ಲೇಪ ಕೊಡಿಸಿ ಕೂರಿಸಬಹುದಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಹಗುರ ಗಾಡಿಗಳ ಕಾಲ ಶುರುವಾಯಿತು. ಮುಂದಿನ ದಶಕಗಳಲ್ಲಿ ಬಂಪರ್ ಪ್ಲಾಸ್ಟಿಕ್ಕಿನದಾಯಿತು, ಸ್ಕ್ರೂ ಇದ್ದ ಕಡೆ ಅಂಟು ಬಂತು. ಅಕ್ರಿಲಿಕ್ ಫೋಮಿನ ಎರಡು ಮುಖದ ಟೇಪನ್ನು 3ಎಂ ಕಂಪನಿ ಮಾರುಕಟ್ಟೆಗೆ ತಂದದ್ದು 1980ರಲ್ಲಿ. ಇಂದು ಕಾರಿನ ಬಾಗಿಲ ಬೀಡಿಂಗು ತಗಡಿಗೆ ತೂತು ಕೊರೆಯದೆ ನಿಲ್ಲುವುದು ಇಂಥ ಟೇಪಿನ ಬಲದಿಂದ. ತಗಡಿಗೆ ತೂತು ಬೀಳದಿರುವುದು ದೊಡ್ಡ ಲಾಭ, ತೂತು ಇದ್ದಲ್ಲಿ ತುಕ್ಕು ಹತ್ತುತ್ತಿತ್ತು. ಆದರೆ ಕೆಡುವ ಜಾಗ ಸ್ಕ್ರೂವಿನಿಂದ ಅಂಟಿಗೆ ವರ್ಗವಾಯಿತು. ಈ ಬದಲಾವಣೆಯನ್ನು ನಮ್ಮ ತೊಳೆಯುವ ರೂಢಿ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹೊಳೆಯುವುದೆಲ್ಲ ಒಂದೇ ವಸ್ತುವಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಏಕೆಂದರೆ ಒಂದಕ್ಕೆ ಹಿತವಾದ ಆರೈಕೆ ಇನ್ನೊಂದಕ್ಕೆ ವಿಷ. ಕಾರ್ಖಾನೆಯಿಂದ ಬಂದ ಕಾರಿನ ಗ್ರಿಲ್ಲು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ಕಿನದು. ಅದನ್ನು ಆಮ್ಲದಲ್ಲಿ ಅದ್ದಿ, ಮೈಯೊಳಗಿನ ಸಣ್ಣ ರಬ್ಬರ್ ಕಣಗಳನ್ನು ಕರಗಿಸಿ, ಆ ಕುಳಿಗಳಲ್ಲಿ ಲೋಹ ಬೇರೂರುವಂತೆ ಮಾಡುತ್ತಾರೆ. ಮೊದಲು ತಾಮ್ರ, ಅದರ ಮೇಲೆ ಎರಡು ಮೂರು ಬಗೆಯ ನಿಕಲ್ ಪದರ, ಕೊನೆಗೆ ಕ್ರೋಮಿಯಂ. ತಾಮ್ರ, ನಿಕಲ್ಲುಗಳು ಹತ್ತಾರು ಮೈಕ್ರಾನ್ ದಪ್ಪ ಇದ್ದರೆ ಕ್ರೋಮಿಯಂ ಅರ್ಧ ಮೈಕ್ರಾನಿನ ಸುತ್ತಮುತ್ತ ಮಾತ್ರ. ನಮ್ಮ ಕಣ್ಣಿಗೆ ಬೀಳುವ ಹೊಳಪಿನ ದೊಡ್ಡ ಪಾಲು ನಿಕಲ್ಲಿನದು. ಕ್ರೋಮಿಯಂ ಅದರ ಕಾವಲು.

ಈ ಕಾವಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಇದ್ದೇ ಇರುತ್ತವೆ. ಒದ್ದೆಯಾದಾಗ ಕ್ರೋಮಿಯಂ ಸುಮ್ಮನಿದ್ದು, ರಂಧ್ರದ ಕೆಳಗಿನ ನಿಕಲ್ ಕರಗುತ್ತದೆ. ರಂಧ್ರಗಳು ಕಡಿಮೆ ಇದ್ದಷ್ಟೂ ಒಂದೊಂದರ ಮೇಲೂ ಬೀಳುವ ಹೊಡೆತ ಹೆಚ್ಚು, ಅಲ್ಲಿ ಆಳವಾದ ಕುಳಿ ಬೀಳುತ್ತದೆ. ಆದ್ದರಿಂದ ಒಳ್ಳೆಯ ಲೇಪದಲ್ಲಿ ಬೇಕೆಂದೇ ಚದರ ಸೆಂಟಿಮೀಟರಿಗೆ 10,000ಕ್ಕೂ ಹೆಚ್ಚು ಸೂಕ್ಷ್ಮ ರಂಧ್ರಗಳು ಮೂಡುವಂತೆ ಮಾಡುತ್ತಾರೆ. ಹೊಡೆತ ಹಂಚಿಹೋಗಿ ಯಾವ ಕುಳಿಯೂ ಆಳಕ್ಕಿಳಿಯುವುದಿಲ್ಲ. ಇಂಥ ಲೇಪವನ್ನು ಪರೀಕ್ಷಿಸುವುದು 49 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ತಾಮ್ರದ ಕ್ಲೋರೈಡ್ ಬೆರೆಸಿದ ಹುಳಿ ಉಪ್ಪುನೀರಿನ ಮಂಜಿನಲ್ಲಿ. ಆ ಪರೀಕ್ಷೆಯಲ್ಲಿ ಗೆದ್ದ ಗ್ರಿಲ್ಲು ಅಫಜಲಪುರದ ಬಿಸಿಲಿಗೆ ಬೆದರುವ ಮಾತಿಲ್ಲ. ಕಾರ್ಖಾನೆಯ ಕ್ರೋಮು ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ಬಾಳುತ್ತದೆ.

ಬಾಳದೆ ಹೋಗುವುದು ಬೇರೆ ವಸ್ತು. ಆ್ಯಕ್ಸೆಸರೀಸ್ ಅಂಗಡಿಯಲ್ಲಿ ಸುರುಳಿಯಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ‘ಕ್ರೋಮ್ ಪಟ್ಟಿ’ಯಲ್ಲಿ ಕ್ರೋಮಿಯಂ ಸಾಮಾನ್ಯವಾಗಿ ಇರುವುದೇ ಇಲ್ಲ. ಮೆತ್ತನೆಯ ಪಿವಿಸಿ ಮೇಲೆ ತೆಳ್ಳನೆಯ ಪಾಲಿಯೆಸ್ಟರ್ ಹಾಳೆ, ಆ ಹಾಳೆಯ ಮೇಲೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂ, ಅದರ ದಪ್ಪ ಮೈಕ್ರಾನಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಅಲ್ಯೂಮಿನಿಯಂ ಕ್ಷಾರದಲ್ಲೂ ಕರಗುತ್ತದೆ, ಆಮ್ಲದಲ್ಲೂ ಕರಗುತ್ತದೆ. ಪಟ್ಟಿ ಕತ್ತರಿಸಿದ ತುದಿಯಲ್ಲಿ ಆ ಪದರ ಬಯಲಿಗೆ ತೆರೆದುಕೊಂಡಿರುತ್ತದೆ. ಬಟ್ಟೆ ಒಗೆಯುವ ಸಾಬೂನು ಪುಡಿಯ ನೀರು ಅಲ್ಲಿಂದ ಒಳಗಿಳಿಯುತ್ತದೆ. ಪ್ರತಿ ತೊಳೆತಕ್ಕೂ ಒಂದಿಷ್ಟು ಹೊಳಪು ತುದಿಯಿಂದ ಒಳಮುಖವಾಗಿ ಮಾಯವಾಗುತ್ತ ಹೋಗಿ, ಅದರಡಿಯ ಕಪ್ಪು ಅಥವಾ ಬೂದು ಪಿವಿಸಿ ಕಾಣಿಸಿಕೊಳ್ಳುತ್ತದೆ. ಟಂಟಂಗಳ ಮುಂಗಾಜಿನ ಸುತ್ತ, ಮೀಟರ್ ಲೆಕ್ಕದ ಈ ಪಟ್ಟಿಗಳಲ್ಲಿ, ಇದನ್ನು ಯಾರು ಬೇಕಾದರೂ ನೋಡಬಹುದು. ಮಧ್ಯದಲ್ಲಿ ಕನ್ನಡಿಯಂತಿದ್ದರೂ ಎರಡೂ ತುದಿಗಳು ಕುರುಡಾಗಿರುತ್ತವೆ.

ಬೀಡಿಂಗ್ ಎದ್ದು ಬರುವುದಕ್ಕೆ ಕಾರಣ ಬೇರೆ, ಅದು ಲೆಕ್ಕಕ್ಕೆ ಸಿಗುವಂಥದು. ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣತೆ 40 ಡಿಗ್ರಿ ದಾಟುವುದು ಮಾಮೂಲು. ಬಿಸಿಲಿಗೆ ನಿಂತ ಕಪ್ಪು ಪ್ಲಾಸ್ಟಿಕ್ಕಿನ ಮೈ 70 ಡಿಗ್ರಿ ಸುತ್ತ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಬೆಳಗಿನ ಜಾವಕ್ಕೂ ನಡುಹಗಲಿಗೂ ಪಟ್ಟಿಯ ಉಷ್ಣತೆಯಲ್ಲಿ 45 ಡಿಗ್ರಿ ವ್ಯತ್ಯಾಸವೆಂದು ಹಿಡಿಯೋಣ. ಒಂದು ಮೀಟರ್ ಉದ್ದದ ಎಬಿಎಸ್ ಪಟ್ಟಿ ಇಷ್ಟರಲ್ಲಿ ಸುಮಾರು 3.6 ಮಿ.ಮೀ. ಹಿಗ್ಗುತ್ತದೆ. ಅದರಡಿಯ ಉಕ್ಕಿನ ತಗಡು ಹಿಗ್ಗುವುದು ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ಉಳಿದ 3 ಮಿ.ಮೀ.ಯನ್ನು ಎರಡು ತುದಿಗಳಿಗೆ ಹಂಚಿದರೆ ತುದಿಯೊಂದಕ್ಕೆ ಒಂದೂವರೆ ಮಿ.ಮೀ. ಎಳೆತ. ನಟ್ಟನಡುವೆ ಎಳೆತವೇ ಇಲ್ಲ, ತುದಿಯತ್ತ ಹೋದಂತೆ ಹೆಚ್ಚುತ್ತದೆ. ದಿನಕ್ಕೊಮ್ಮೆ ಹೋಗುವುದು, ದಿನಕ್ಕೊಮ್ಮೆ ಬರುವುದು.

ಈ ಎಳೆತವನ್ನು ಯಾವ ಟೇಪ್ ತಾಳಿಕೊಳ್ಳುತ್ತದೆ ಎಂಬುದರಲ್ಲಿ ಪಟ್ಟಿಯ ಆಯುಷ್ಯವಿದೆ. ಅಕ್ರಿಲಿಕ್ ಫೋಮ್ ಟೇಪ್ ತನ್ನ ದಪ್ಪದ ಸುಮಾರು ಮೂರು ಪಟ್ಟು ಪಕ್ಕಕ್ಕೆ ಜರುಗಿದರೂ ಬಿಡುವುದಿಲ್ಲ. 0.8 ಮಿ.ಮೀ. ದಪ್ಪದ ಟೇಪಿಗೆ ಒಂದೂವರೆ ಮಿ.ಮೀ. ಎಳೆತ ನಿಭಾಯಿಸಬಲ್ಲ ಹೊರೆ. ಕಾಗದದಷ್ಟು ತೆಳ್ಳಗಿನ ಅಗ್ಗದ ಡಬಲ್ ಸೈಡ್ ಟೇಪಿಗೆ ಅದೇ ಎಳೆತ ಮೀರಿದ ಮಾತು. ಇನ್ನು ಬಿಳಿ ಸ್ಪಂಜಿನ ಟೇಪುಗಳಲ್ಲಿ ಹೆಚ್ಚಿನವುಗಳ ಅಂಟು ರಬ್ಬರ್ ಮೂಲದ್ದು, ಬಿಸಿಗೆ ಮೆತ್ತಗಾಗಿ ಜಾರತೊಡಗುತ್ತದೆ. ‘ತುದಿ ಎದ್ದದ’ ಎಂದು ಇಲ್ಲಿನ ಡ್ರೈವರುಗಳು ಹೇಳುವ ಸ್ಥಿತಿ ಹೆಚ್ಚಾಗಿ ಹೀಗೆ ಹುಟ್ಟಿದ್ದು. ಎದ್ದ ತುದಿಗೆ ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಗಟ್ಟಿ ಅಂಟು ಹಾಕುವುದು ಸಾಮಾನ್ಯ ರೂಢಿ. ಆ ಅಂಟು ಒಣಗಿದ ಮೇಲೆ ಗಾಜಿನಷ್ಟು ಬಿರುಸು, ಜರುಗುವುದನ್ನೇ ಅರಿಯದು. ಮೊದಲ ಕೆಲವು ಬಿಸಿಲಿಗೇ ಸೀಳುತ್ತದೆ, ಸೀಳುವಾಗ ಬಣ್ಣದ ಚಕ್ಕೆಯನ್ನೂ ಕಿತ್ತುಕೊಂಡು ಬರುತ್ತದೆ. ತುದಿ ಎದ್ದರೆ ಆ ಪಟ್ಟಿಯ ಟೇಪನ್ನು ಪೂರ್ತಿ ತೆಗೆದು ಹೊಸದಾಗಿ ಕೂರಿಸುವುದೊಂದೇ ಸರಿಯಾದ ದಾರಿ. ಅಂಗಡಿಗೆ ಹೋದಾಗ ಬೂದು ಅಥವಾ ಕಪ್ಪು ಫೋಮಿನ, ಸಾಮಾನ್ಯವಾಗಿ ಕೆಂಪು ಹಾಳೆ ಹೊದಿಸಿದ ಅಕ್ರಿಲಿಕ್ ಟೇಪನ್ನು ಕೇಳಿ ಪಡೆಯಬೇಕು. ಪಟ್ಟಿಯ ಬೆಲೆಗೆ ಹೋಲಿಸಿದರೆ ಟೇಪಿನ ಬೆಲೆ ದೊಡ್ಡದಲ್ಲ.

ಕೂರಿಸುವ ಕ್ರಮದಲ್ಲೂ ಒಂದು ಮಾತಿದೆ. ಒತ್ತಿದ ಕೂಡಲೇ ಟೇಪು ಪೂರ್ತಿ ಹಿಡಿಯುವುದಿಲ್ಲ. ಸಾಧಾರಣ ಉಷ್ಣತೆಯಲ್ಲಿ 20 ನಿಮಿಷಕ್ಕೆ ಅರ್ಧದಷ್ಟು, 24 ಗಂಟೆಗೆ ಹತ್ತರಲ್ಲಿ ಒಂಬತ್ತು ಪಾಲು, 72 ಗಂಟೆಗೆ ಪೂರ್ತಿ ಬಲ ಬರುತ್ತದೆ. ಅಂಟಿಸಿದ ದಿನವೇ ಗಾಡಿಯನ್ನು ತೊಳೆಸಿದರೆ ಮೂರು ದಿನದಲ್ಲಿ ಬರಬೇಕಾದ ಬಲವನ್ನು ನಾವೇ ಕತ್ತರಿಸಿದಂತೆ. ಹಬ್ಬದ ಹಿಂದಿನ ಸಂಜೆ ಹೊಸ ಬೀಡಿಂಗ್ ಹಾಕಿಸಿ ಮರುದಿನ ಮುಂಜಾನೆ ಪೂಜೆಗೆಂದು ತೊಳೆಯುವವರು ಇದನ್ನು ಗಮನಿಸಬೇಕು. ಅಂಟಿಸುವ ಜಾಗವನ್ನು ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಸಮಸಮ ಬೆರೆಸಿ ಒರೆಸಿದರೆ ಮೇಣ, ಎಣ್ಣೆಯ ಪಸೆ ಹೋಗುತ್ತದೆ. ಪೆಟ್ರೋಲಿನಿಂದ ಒರೆಸುವುದು ಬೇಡ, ಅದರ ಪಸೆ ಉಳಿಯುತ್ತದೆ. ಮೇ ತಿಂಗಳಲ್ಲಾದರೆ ನಡುಹಗಲ ಬಿಸಿ ತಗಡಿನ ಮೇಲೆ ಅಂಟಿಸದೆ ಮುಂಜಾನೆಯ ನೆರಳಲ್ಲಿ ಅಂಟಿಸಬೇಕು.

ಇನ್ನು ಎರೆಮಣ್ಣಿನ ವಿಚಾರ. ಈ ಮೂರೂ ತಾಲ್ಲೂಕುಗಳಲ್ಲಿ ಕಪ್ಪು ಎರೆಭೂಮಿಯೇ ಹೆಚ್ಚು. ಆಳಂದ, ಅಫಜಲಪುರಗಳ ಕೆಳಗೆ ದಖ್ಖಣದ ಕರಿಕಲ್ಲಿನ ಹಾಸು ಇದೆ, ಜೇವರ್ಗಿಯ ಕಡೆ ಭೀಮಾ ಕಣಿವೆಯ ಸುಣ್ಣಕಲ್ಲೂ ಸೇರಿಕೊಳ್ಳುತ್ತದೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕುಗಳಿಗೆ ಕಾರಣವೂ ಇದೇ. ಇದರಲ್ಲಿ ಸುಣ್ಣದ ಅಂಶವಿದ್ದು ಮಣ್ಣು ತುಸು ಕ್ಷಾರದ ಕಡೆಗೆ ವಾಲುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಯಿಂದ ಬಂದ ಗಾಡಿಯ ಚಕ್ರ ಈ ಮಣ್ಣನ್ನು ಬೀಡಿಂಗಿನ ಕೆಳ ಅಂಚಿಗೆ, ಮಡ್‌ಫ್ಲ್ಯಾಪಿನ ಹಿಂದಕ್ಕೆ, ಬಂಪರಿನ ಮೂಲೆಗೆ ಎರಚುತ್ತದೆ. ಹೊರಮೈ ಮಣ್ಣು ಗಾಳಿಗೆ ಒಣಗಿ ಉದುರಿದರೂ ಅಂಚಿನ ಹಿಂದೆ ಕೂತದ್ದು ದಿನಗಟ್ಟಲೆ ತೇವ ಹಿಡಿದಿರುತ್ತದೆ, ಗಾಯಕ್ಕೆ ಕಟ್ಟಿ ಬಿಚ್ಚದೆ ಬಿಟ್ಟ ಒದ್ದೆ ಪಟ್ಟಿಯ ಹಾಗೆ. ಆ ತೇವದಲ್ಲಿ ಸ್ಕ್ರೂವಿನ ಸತುವಿನ ಲೇಪ ಮೊದಲು ಹೋಗುತ್ತದೆ, ನಂತರ ಕಬ್ಬಿಣ. ಮತ್ತೆ ಒಣಗಿ, ಮತ್ತೆ ನೆನೆದು ಉಬ್ಬುವಾಗ ಮಣ್ಣೇ ಬೆಣೆಯಾಗಿ ಪಟ್ಟಿಯನ್ನು ತಗಡಿನಿಂದ ದೂರ ತಳ್ಳುತ್ತದೆ.

ಹಳೆಯ ಕ್ರೂಸರೊಂದರ ಬಾಗಿಲ ಪಟ್ಟಿಯನ್ನು ಬಿಚ್ಚಿಸಿ ನೋಡಿದರೆ ಈ ಕತೆ ಪದರ ಪದರವಾಗಿ ಓದಲು ಸಿಗುತ್ತದೆ. ಪಟ್ಟಿಯ ನಡುಭಾಗದಲ್ಲಿ ಟೇಪು ಇನ್ನೂ ಮೆತ್ತಗೆ, ಹಿಡಿತ ಸಡಿಲಿಸದೆ ಇರುತ್ತದೆ. ತುದಿಯ ಕಡೆ ಬಂದಂತೆ ಅದರ ಕೆಳ ಅಂಚು ಕಪ್ಪಾಗಿ, ಬೆರಳಿಗೆ ಪುಡಿಪುಡಿಯಾಗುತ್ತದೆ. ಕೆಳ ಅಂಚಿಗೆ ಅಂಟಿಕೊಂಡು ಉದ್ದಕ್ಕೂ ಗಟ್ಟಿಯಾದ ಎರೆಮಣ್ಣಿನ ಹುರಿ, ಅದರಲ್ಲಿ ತೊಗರಿ ಹೊಟ್ಟು, ಜೋಳದ ರವದಿಯ ಚೂರು. ಮೇಲಂಚಿನಲ್ಲಿ ಮಣ್ಣಿಲ್ಲ, ನೀರು ಒಣಗಿ ಉಳಿದ ಬಿಳಿ ಸುಣ್ಣದ ಗೆರೆ ಇದೆ. ಹೊರಗಿನಿಂದ ನೋಡುವಾಗ ಹೊಳಪು ಮಾತ್ರ ಕಾಣುತ್ತಿದ್ದ ಪಟ್ಟಿಯ ಬೆನ್ನಿನಲ್ಲಿ ಈ ಸೀಮೆಯ ಮಣ್ಣು, ನೀರು, ಬೆಳೆ ಮೂರೂ ದಾಖಲಾಗಿರುತ್ತವೆ.

ಮಣ್ಣಿಗೆ ಇಷ್ಟು ಮಹತ್ವ ಕೊಡುವುದು ಅತಿಯಾಯಿತೆಂದು ಅನಿಸಿದವರಿಗೆ ಒಂದು ಹೊರದೇಶದ ಉದಾಹರಣೆ. ಮಾಸ್ಕೋ ನಗರದ ರಸ್ತೆಗಳಲ್ಲಿ ಹಿಮ ಕರಗಿಸಲು ಕ್ಯಾಲ್ಸಿಯಂ ಕ್ಲೋರೈಡ್ ಬಳಸಿದಾಗ, ಮಣ್ಣಿನೊಂದಿಗೆ ಅದು ಕಾರಿಗೆ ಮೆತ್ತಿಕೊಂಡು, ಉಪ್ಪು ಮಂಜಿನ ಪರೀಕ್ಷೆಯನ್ನು ಗೆದ್ದ ಕ್ರೋಮಿಯಂ ಪದರವನ್ನೇ ತಿಂದುಹಾಕಿತು. ಬರಿಯ ಉಪ್ಪುನೀರಿನ ಪರೀಕ್ಷೆ ಇದನ್ನು ಹಿಡಿಯಲಿಲ್ಲ. ಆಮೇಲೆ ಕಾರು ತಯಾರಕರು ಬಿಳಿ ಜೇಡಿಮಣ್ಣಿಗೆ ಆ ಲವಣ ಕಲಸಿ, ಬಿಡಿಭಾಗಕ್ಕೆ ಮೆತ್ತಿ ನೋಡುವ ಬೇರೆಯೇ ಪರೀಕ್ಷೆ ರೂಪಿಸಿಕೊಂಡರು. ನಮ್ಮ ರಸ್ತೆಯಲ್ಲಿ ಆ ಲವಣವಿಲ್ಲ. ಆದರೆ ಮೆತ್ತಿದ ಜೇಡಿ ಎಂಬುದು ನೀರಿಗಿಂತ ಬೇರೆ ಬಗೆಯ ಶತ್ರು ಎಂಬ ಮಾತು ನಮಗೂ ಹೊಂದುತ್ತದೆ. ಎರೆಮಣ್ಣಿಗೆ ಹೊಂದುವ ಇಂಥ ಪರೀಕ್ಷೆಯೊಂದನ್ನು ಕಲಬುರಗಿಯ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಮಾಡಬಹುದು. ಆಳಂದದ ಹೊಲದ ಮಣ್ಣು, ಒಂದು ಬೋರ್‌ವೆಲ್ಲಿನ ನೀರು, ಒಂದು ಒಲೆ, ಬಗೆಬಗೆಯ ಟೇಪಿನಿಂದ ತಗಡಿಗೆ ಅಂಟಿಸಿದ ಪಟ್ಟಿಯ ತುಂಡುಗಳು ಇದ್ದರೆ ಸಾಕು. ನೆನೆಸಿ, ಒಣಗಿಸಿ, ಕಾಯಿಸಿ, ಎಳೆದು ನೋಡುವುದು.

ನೀರಿನ ಮಾತು ಬಂದಿದ್ದರಿಂದ ತೊಳೆಯುವ ವಿಚಾರಕ್ಕೆ ಬರುತ್ತೇನೆ. ಕರಿಕಲ್ಲು, ಸುಣ್ಣಕಲ್ಲುಗಳ ನಡುವಿನಿಂದ ಬರುವ ಬೋರ್‌ವೆಲ್ ನೀರು ಗಡಸು. ಬಿಸಿ ಗ್ರಿಲ್ಲಿನ ಮೇಲೆ ಅದು ಒಣಗಿದಾಗ ಪ್ರತಿ ಹನಿಯ ಜಾಗದಲ್ಲೂ ಸುಣ್ಣದ ಉಂಗುರ ಉಳಿಯುತ್ತದೆ. ಅದಕ್ಕಿಂತ ಚಿಂತೆಯ ಸಂಗತಿ ಇನ್ನೊಂದಿದೆ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಮೇಲೆ, ಘಟಕ ಹೊರಚೆಲ್ಲುವ ನೀರು ದಂಡವಾಗದಿರಲೆಂದು ಅದರಲ್ಲಿ ಗಾಡಿ ತೊಳೆಯುವ ರೂಢಿ ಬೆಳೆದಿದೆ. ಉದ್ದೇಶ ಒಳ್ಳೆಯದು. ಆದರೆ ಶುದ್ಧ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಸೇರಿರುವುದು ಆ ಹೊರಚೆಲ್ಲುವ ನೀರಿನಲ್ಲೇ, ಅದು ಬೋರ್‌ವೆಲ್ ನೀರಿಗಿಂತ ಹೆಚ್ಚು ಗಡಸು. ಮೊದಲ ಕೆಸರು ಕಳೆಯಲು ಅದನ್ನು ಬಳಸಲಿ, ಕೊನೆಯ ತೊಳೆತಕ್ಕೆ ಮಾತ್ರ ಒಂದು ಕೊಡ ಶುದ್ಧ ನೀರೋ ಮಳೆನೀರೋ ಇರಲಿ. ಕೂಡಲೇ ಮೆತ್ತನೆಯ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಉಂಗುರ ಮೂಡುವುದಿಲ್ಲ. ಆಗಲೇ ಮೂಡಿದ್ದರೆ, ಕಾರ್ಖಾನೆಯ ನಿಜವಾದ ಕ್ರೋಮಿನ ಮೇಲೆ ನೀರು ಬೆರೆಸಿದ ವಿನಿಗರನ್ನು ತುಸು ಹೊತ್ತು ಒತ್ತಿ ತೊಳೆಯಬಹುದು. ಮೀಟರ್ ಲೆಕ್ಕದ ಪಟ್ಟಿಗೂ, ಅಲ್ಯೂಮಿನಿಯಂ ರೂಫ್ ರೇಲಿಗೂ ಇದನ್ನು ಹಾಕಬಾರದು. ಕಕ್ಕಸು ತೊಳೆಯುವ ಆ್ಯಸಿಡ್ಡನ್ನಂತೂ ಯಾವುದಕ್ಕೂ ಮುಟ್ಟಿಸಬಾರದು. ಕ್ರೋಮಿಯಂ ಕಡಲುಪ್ಪಿಗೆ ಜಗ್ಗದಿದ್ದರೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೋಡನೋಡುತ್ತ ಕರಗುತ್ತದೆ.

ವಾಟರ್ ಸರ್ವಿಸಿನ ಪೈಪನ್ನು ಪಟ್ಟಿಯ ಅಂಚಿಗೆ ಓರೆಯಾಗಿ, ಹತ್ತಿರದಿಂದ ಹಿಡಿದರೆ ನೀರಿನ ಸೆಳವು ಟೇಪಿನಡಿಗೆ ನುಗ್ಗುತ್ತದೆ. ದೂರದಿಂದ, ನೇರವಾಗಿ ಹಿಡಿಯಲು ಹೇಳಬೇಕು. ತೊಳೆದ ಮೇಲೆ ಗಾಡಿಯ ಅಡಿಭಾಗಕ್ಕೆ ಡೀಸೆಲ್ ಹೊಡೆಯುವ ಪದ್ಧತಿಯೂ ಇದೆ, ಅದು ರಬ್ಬರಿಗೆ ತಾಗಬಾರದು. ಕಿಟಕಿ, ಬಾಗಿಲುಗಳ ಕಪ್ಪು ರಬ್ಬರು ಹೆಚ್ಚಾಗಿ ಇಪಿಡಿಎಂ ಎಂಬ ಜಾತಿಯದು. ಬಿಸಿಲು ಮಳೆಗೆ ಅದು ಬಹಳ ಗಟ್ಟಿ, ಡೀಸೆಲ್ಲಿಗೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ಬಂಪರಿನ ಬಿಳಿಚಿದ ಕಪ್ಪಿಗೆ ಡೀಸೆಲ್ಲೋ ಕೊಬ್ಬರಿ ಎಣ್ಣೆಯೋ ಸವರಿದರೆ ಎರಡು ದಿನ ಕರ್ರಗೆ ಕಾಣುತ್ತದೆ, ಮೂರನೇ ದಿನಕ್ಕೆ ರಸ್ತೆಯ ದೂಳೆಲ್ಲ ಅಲ್ಲೇ. ಆ ಬಿಳಿಚುವಿಕೆ ಕೊಳೆಯಲ್ಲ. ನೇರಳಾತೀತ ಕಿರಣ ಪಾಲಿಪ್ರೊಪಿಲೀನಿನ ಮೇಲ್ಪದರವನ್ನು ತುಂಡರಿಸಿ, ಒಳಗಿನ ಟಾಲ್ಕ್ ಪುಡಿ ಹೊರಬಂದದ್ದು. ಅದು ಮರಳಿ ಕಪ್ಪಾಗುವುದಿಲ್ಲ. ನೆರಳಲ್ಲಿ ನಿಲ್ಲಿಸುವುದರಿಂದ ಮುಂದಿನ ಕೇಡು ತಡವಾಗುತ್ತದೆ, ಪ್ಲಾಸ್ಟಿಕ್ಕಿಗೆಂದೇ ಇರುವ ಪೇಂಟಿನಿಂದ ಮುಚ್ಚಬಹುದು.

ಮುಂಜಾನೆ ಗಾಡಿಯನ್ನು ಒಣ ಬಟ್ಟೆಯಿಂದ ಝಾಡಿಸುವ ಅಭ್ಯಾಸ ಅಪಾರ ಹಾನಿ ಮಾಡುತ್ತಿದೆ. ರಸ್ತೆಗೆ ಹಾಕುವ ಕರಿಕಲ್ಲಿನ ಖಡಿ ಪುಡಿಯಾಗಿ ಎದ್ದ ದೂಳಿನಲ್ಲಿ ಪ್ಲಾಸ್ಟಿಕ್ಕಿಗಿಂತ, ವಾರ್ನಿಷ್ ಪದರಕ್ಕಿಂತ ಎಷ್ಟೋ ಗಟ್ಟಿ ಖನಿಜಗಳಿವೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಕಾಲಕ್ಕೆ ದೂಳಿನ ಜೊತೆ ಹೊಟ್ಟೂ ಸೇರುತ್ತದೆ. ರಸ್ತೆಯ ಮೇಲೆ ಹರವಿದ ಬೆಳೆಯ ಮೇಲೆ ಗಾಡಿ ಹಾಯ್ದಾಗ ಕಡ್ಡಿಗಳು ಕೆಳ ಅಂಚಿನ ಪಟ್ಟಿಗೆ ಸಿಕ್ಕಿ ಎಳೆಯುತ್ತವೆ. ಅಡಿಯಲ್ಲಿ ಸುತ್ತಿಕೊಂಡ ಒಣಕಡ್ಡಿ ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳುವ ಭಯವೂ ಇರುವುದರಿಂದ ಅಂಥ ರಸ್ತೆ ದಾಟಿದ ಮೇಲೆ ಇಳಿದು ಬಗ್ಗಿ ನೋಡುವುದು ಒಳ್ಳೆಯದು. 

ಇನ್ನು ಹಬ್ಬ, ಜಾತ್ರೆಗಳ ಅಲಂಕಾರ. ಅಮರ್ಜಾ ನದಿ ಭೀಮೆಯನ್ನು ಕೂಡುವ ಗಾಣಗಾಪುರಕ್ಕೆ ದತ್ತ ಜಯಂತಿಗೆ, ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರಗಳ ಗಾಡಿಗಳು ಬಂದು ಸೇರುತ್ತವೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಹಾಗೆಯೇ. ಮಹಾನವಮಿಗಂತೂ ಮನೆಮನೆಯ ಗಾಡಿಗೂ ಪೂಜೆ. ವಿಭೂತಿಯ ಪಟ್ಟೆ, ಅರಿಷಿಣ, ಕುಂಕುಮ, ಚೆಂಡುಹೂವಿನ ಹಾರ, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಇವು ಗಾಡಿಯನ್ನು ಮನೆಯ ಮಗನಂತೆ ಕಾಣುವ ಭಾವದಿಂದ ಬಂದವು, ಇರಲೇಬೇಕು. ಎರಡು ಎಚ್ಚರ ಸಾಕು. ವಿಭೂತಿ ಬೂದಿಯಾದ್ದರಿಂದ ಕ್ಷಾರಗುಣವಿದೆ, ಕಣವೂ ಒರಟು. ಅದನ್ನು ಒಣಗಿದ್ದಂತೆಯೇ ತಿಕ್ಕದೆ ನೀರು ಹನಿಸಿ ಇಳಿಸಬೇಕು, ಅಲ್ಯೂಮಿನಿಯಂ ಪಟ್ಟಿಯ ಮೇಲೆ ಹಚ್ಚದಿದ್ದರೆ ಇನ್ನೂ ಒಳ್ಳೆಯದು. ನಿಂಬೆಹಣ್ಣನ್ನು ನಂಬರ್ ಪ್ಲೇಟಿನ ಸ್ಕ್ರೂವಿಗೆ ಕಟ್ಟಿದರೆ ಅದರ ರಸ ಸತುವಿನ ಲೇಪವನ್ನು ತಿನ್ನುತ್ತದೆ, ದಾರ ಉದ್ದ ಬಿಟ್ಟು ಕಟ್ಟಬೇಕು. ಜೊತೆಗೆ, ಸಂಗಮದ ನೀರಿಗೇ ಗಾಡಿ ಇಳಿಸಿ ಸಾಬೂನು ಹಾಕಿ ತೊಳೆಯುವುದನ್ನು ದಯವಿಟ್ಟು ಬಿಡಬೇಕು. ಆ ಎಣ್ಣೆ, ಆ ಸಾಬೂನು ಹೋಗಿ ಸೇರುವುದು ಪಕ್ಕದಲ್ಲೇ ಮುಳುಗು ಹಾಕುತ್ತಿರುವವರ ಮೈಗೆ, ಕೆಳಗಿನ ಊರುಗಳ ಕುಡಿಯುವ ನೀರಿಗೆ.

ಗಾಡಿಯ ಮುಂಭಾಗಕ್ಕೆ ಕಟ್ಟುವ ದಪ್ಪ ಉಕ್ಕಿನ ಗಾರ್ಡಿನ ಬಾಳಿಕೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಡಿಕ್ಕಿಯಾದಾಗ ಅದು ಪಾದಚಾರಿಯನ್ನು ಹೆಚ್ಚು ಗಾಯಗೊಳಿಸುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೂ ಅಡ್ಡ ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆಯೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಇದ್ದರೆ ಬಿಚ್ಚಿಸಬೇಕು.

ಹೊರ ಅಲಂಕಾರಗಳಲ್ಲಿ ಜೀವ ಉಳಿಸುವ ಕೆಲಸ ಮಾಡುವುದು ಒಂದೇ, ರೇಡಿಯಂ. ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ, ಕೆಲವು ಕೆಟ್ಟು ನಿಂತಿರುತ್ತವೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎರಡು ಸೆಕೆಂಡ್ ಹಿಡಿದರೆ ಬ್ರೇಕ್ ಒತ್ತುವ ಮೊದಲೇ 33 ಮೀಟರಿಗೂ ಹೆಚ್ಚು ಕಳೆದಿರುತ್ತದೆ. ಪ್ರತಿಫಲಕ ಟೇಪಿನಲ್ಲಿರುವ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಬೆಳಕನ್ನು ಬಂದ ದಾರಿಗೇ ಮರಳಿಸುತ್ತವೆ. ಅದರ ಮೇಲಿನ ದೂಳನ್ನು ಬೆಳಕು ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ ದಾಟಬೇಕು. ಹಾಗಾಗಿ ಹಗಲಲ್ಲಿ ತುಸು ಮಸುಕಾಗಿ ಕಂಡ ಟೇಪು ರಾತ್ರಿ ಅದಕ್ಕಿಂತ ಬಹಳ ಮಂಕಾಗಿರುತ್ತದೆ. ಎರೆಮಣ್ಣು ಮೆತ್ತಿದ ಟೇಪು ಇದ್ದೂ ಇಲ್ಲದಂತೆ.

ಕೇಂದ್ರ ಮೋಟಾರು ವಾಹನ ನಿಯಮ 1989ರ 104ನೇ ನಿಯಮ ಪ್ರತಿಫಲಕಗಳನ್ನು ಕಡ್ಡಾಯ ಮಾಡುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು. ಹೊಳೆಯುವ ಬಣ್ಣದ ಸಾದಾ ಸ್ಟಿಕರ್ ಇದರ ಬದಲಿಗೆ ನಡೆಯುವುದಿಲ್ಲ. ಕತ್ತಲಲ್ಲಿ ಮೊಬೈಲಿನ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು, ಹತ್ತಿಪ್ಪತ್ತು ಹೆಜ್ಜೆ ದೂರದಿಂದ ಟ್ರೇಲರ್ ಕಡೆ ಬೆಳಕು ಬಿಟ್ಟರೆ ನಿಜವಾದ ಟೇಪು ಹೊತ್ತಿಕೊಂಡಂತೆ ಕಾಣುತ್ತದೆ, ಸಾದಾ ಸ್ಟಿಕರ್ ಮಂಕಾಗಿಯೇ ಇರುತ್ತದೆ. ಕಬ್ಬು ಹೇರುವಾಗ ಹಿಂಬದಿಯಲ್ಲಿ ಜೋತುಬೀಳುವ ಗರಿ ಟೇಪನ್ನು ಮುಚ್ಚದ ಎತ್ತರದಲ್ಲಿ ಅದು ಇರಬೇಕು. ಸಂಜೆ ಹೊರಡುವ ಮೊದಲು ಒಂದು ಚೊಂಬು ನೀರು ಸುರಿದು ಬಟ್ಟೆಯಿಂದ ಒರೆಸಿದರೆ ಆ ರಾತ್ರಿಗೆ ಸಾಕು. ಡೀಸೆಲ್ ತೋಯ್ದ ಚಿಂದಿಯಿಂದ ಒರೆಸಬಾರದು, ಅದು ಅಂಚಿನ ಅಂಟನ್ನು ಸಡಿಲಿಸುತ್ತದೆ. ಅಂಚು ಎದ್ದು ನೀರು ಒಳಹೊಕ್ಕ ಟೇಪನ್ನು ಬದಲಿಸುವಾಗ ಹಳೆಯದರ ಮೇಲೆಯೇ ಹೊಸದನ್ನು ಅಂಟಿಸದೆ, ಹಳೆಯದನ್ನು ಕಿತ್ತು, ತಗಡಿನ ತುಕ್ಕು ತಿಕ್ಕಿ, ಒರೆಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಬೇಕು. ರಿವೆಟ್ ಇದ್ದಲ್ಲಿ ಟೇಪನ್ನು ಅದರ ಮೇಲೆ ಎಳೆದರೆ ಸುತ್ತ ಗಾಳಿ ಉಳಿದು ಅಲ್ಲಿಂದಲೇ ಏಳುತ್ತದೆ, ರಿವೆಟ್ಟಿನ ತಲೆಯಷ್ಟು ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು.